ಲ್ಯಾಕ್ಸ್‌ಟನ್: ಬೇಲಿ ಹಾಕದೆ ಉಳಿದ ಇಂಗ್ಲೆಂಡಿನ ಹಳ್ಳಿ – ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳ್ಳಿಗಾಡಿನ ಫೋಟೊ ನೋಡಿದವರಿಗೆ ಒಂದು ನೋಟ ಪರಿಚಿತ. ಸಣ್ಣ ಸಣ್ಣ ಹಸಿರು ಹೊಲಗಳು, ಪ್ರತಿಯೊಂದರ ಸುತ್ತಲೂ ಗಿಡಗಳ ಬೇಲಿ. ಮಧ್ಯ ಇಂಗ್ಲೆಂಡಿನ ಮಟ್ಟಿಗೆ ಹೇಳುವುದಾದರೆ, ಈ ನೋಟದಲ್ಲಿ ಬಹಳಷ್ಟು ಭಾಗ 18 ಮತ್ತು 19ನೇ ಶತಮಾನದಲ್ಲಿ ಬಂದದ್ದು. ಅದಕ್ಕೂ ಮೊದಲು ಅಲ್ಲಿನ ಹಳ್ಳಿಗಳು ಹೇಗಿದ್ದವು ಎಂದು ಕಣ್ಣಾರೆ ನೋಡಬೇಕಾದರೆ ಹೋಗಬೇಕಾದ ಊರು ಲ್ಯಾಕ್ಸ್‌ಟನ್. ಈ ಊರಿನ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕೆಲವು ಉತ್ತರ ಉದ್ದ, ಕೆಲವು ಎರಡೇ ಸಾಲು.

ಲ್ಯಾಕ್ಸ್‌ಟನ್ ಎಲ್ಲಿದೆ?

ಇಂಗ್ಲೆಂಡಿನ ನಡುಭಾಗದಲ್ಲಿ, ನಾಟಿಂಗ್‌ಹ್ಯಾಮ್‌ಷೈರ್ ಕೌಂಟಿಯಲ್ಲಿ. ನಾಟಿಂಗ್‌ಹ್ಯಾಮ್ ನಗರದಿಂದ ಈಶಾನ್ಯಕ್ಕೆ ನೇರ ಗೆರೆ ಎಳೆದರೆ ಸುಮಾರು 30 ಕಿಲೋಮೀಟರ್. ಹತ್ತಿರದ ದೊಡ್ಡ ಪೇಟೆ ನ್ಯೂವಾರ್ಕ್. ಆಲರ್ಟನ್ ಮತ್ತು ಟಕ್ಸ್‌ಫರ್ಡ್ ಎಂಬ ಸಣ್ಣ ಪಟ್ಟಣಗಳು ಇನ್ನೂ ಹತ್ತಿರ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಏ-1 ಹೆದ್ದಾರಿ ಕೆಲವೇ ಕಿಲೋಮೀಟರ್ ಆಚೆ ಹಾದುಹೋಗುತ್ತದೆ. ಆದರೂ ಊರೊಳಗೆ ಬಂದರೆ ಹೆದ್ದಾರಿ ಇದೆ ಅನ್ನುವುದೇ ಮರೆತುಹೋಗುತ್ತದೆ.

ಒಂದು ಎಚ್ಚರಿಕೆ. ಇದೇ ಹೆಸರಿನ ಊರು ನಾರ್ತಾಂಪ್ಟನ್‌ಷೈರಿನಲ್ಲೂ ಇದೆ, ಪೂರ್ವ ಯಾರ್ಕ್‌ಷೈರಿನಲ್ಲೂ ಇದೆ. ಮ್ಯಾಪಿನಲ್ಲಿ ಹುಡುಕುವಾಗ ನಾಟಿಂಗ್‌ಹ್ಯಾಮ್‌ಷೈರ್ ಎಂದು ಸೇರಿಸಿಕೊಳ್ಳಿ.

ಪ್ಯಾರಿಷ್ ಅಂದರೆ ಏನು? ಗ್ರಾಮ ಪಂಚಾಯ್ತಿನಾ?

ಮೊದಲು ಅದು ಚರ್ಚಿನ ಲೆಕ್ಕ. ಒಂದು ಚರ್ಚು, ಒಬ್ಬ ಪಾದ್ರಿ, ಆ ಪಾದ್ರಿಯ ವ್ಯಾಪ್ತಿಗೆ ಬರುವ ಮನೆ ಮತ್ತು ಜಮೀನು, ಇಷ್ಟೂ ಸೇರಿದರೆ ಒಂದು ಪ್ಯಾರಿಷ್. ಬೆಳೆಯ ಹತ್ತನೇ ಒಂದು ಪಾಲು ಚರ್ಚಿಗೆ ಸಲ್ಲಬೇಕಿತ್ತು. ಹಾಗಾಗಿ ಯಾವ ಹೊಲ ಯಾವ ಪ್ಯಾರಿಷ್‌ಗೆ ಸೇರಿದ್ದು ಎನ್ನುವುದು ಸುಮ್ನೆ ಬಿಡುವ ವಿಷಯ ಆಗಿರಲಿಲ್ಲ. 1538ರಿಂದ ಹುಟ್ಟು, ಮದುವೆ, ಸಾವಿನ ಲೆಕ್ಕ ಇಡುವ ಕೆಲಸವೂ ಪ್ಯಾರಿಷ್‌ಗೆ ಬಂತು (ಸರಿಯಾಗಿ ಹೇಳಬೇಕೆಂದರೆ ದೀಕ್ಷಾಸ್ನಾನ, ಮದುವೆ, ಹೂಳುವಿಕೆ). 1601ರ ಕಾನೂನಿನ ನಂತರ ಊರಿನ ಬಡವರನ್ನು ನೋಡಿಕೊಳ್ಳುವ ಹೊಣೆ, ಅದಕ್ಕೆ ತೆರಿಗೆ ಎತ್ತುವ ಹೊಣೆ, ಎರಡೂ ಪ್ಯಾರಿಷ್‌ನದೇ ಆಯಿತು.

1894ರಲ್ಲಿ ಬಂದ ಕಾನೂನು ಚರ್ಚಿನ ಪ್ಯಾರಿಷ್ ಬೇರೆ, ಆಡಳಿತದ ಪ್ಯಾರಿಷ್ ಬೇರೆ ಎಂದು ಬಿಡಿಸಿ, ಆಡಳಿತಕ್ಕೆ ಚುನಾಯಿತ ಕೌನ್ಸಿಲ್ ಕೊಟ್ಟಿತು. ಅಲ್ಲಿಂದಾಚೆಗೆ ಪಂಚಾಯ್ತಿ ಥರ ಎನ್ನಬಹುದು. ಆದರೆ ಅಧಿಕಾರ ತುಂಬಾ ಕಡಿಮೆ. ಲ್ಯಾಕ್ಸ್‌ಟನ್ ಈಗ ಪಕ್ಕದ ಮೂರ್‌ಹೌಸ್ ಎಂಬ ಪುಟ್ಟ ಹಳ್ಳಿಯ ಜೊತೆ ಸೇರಿ ಒಂದೇ ಪ್ಯಾರಿಷ್ ಆಗಿದೆ. ಜನಸಂಖ್ಯೆ ಕೆಲವು ನೂರು, ಅಷ್ಟೇ.

ನೆಲ ಹೇಗಿದೆ? ಮಣ್ಣು ಯಾವುದು?

ಬೆಟ್ಟ ಅನ್ನುವಂಥದ್ದು ಇಲ್ಲ. ಏರಿಳಿತದ ದಿಣ್ಣೆಗಳು, ನಡುವೆ ಸಣ್ಣ ತೊರೆಗಳು. ಪಶ್ಚಿಮಕ್ಕೆ ಹೋದರೆ ಶೆರ್ವುಡ್ ಕಾಡಿನ ಮರಳು ನೆಲ, ಪೂರ್ವಕ್ಕೆ ಹೋದರೆ ಟ್ರೆಂಟ್ ನದಿಯ ಬಯಲು. ಲ್ಯಾಕ್ಸ್‌ಟನ್ ಇವೆರಡರ ನಡುವಿನ ಜಿಗುಟು ಮಣ್ಣಿನ ಪಟ್ಟಿಯಲ್ಲಿದೆ.

ಈ ಮಣ್ಣು ಕೆಂಪು ಜೇಡಿ. ಮಳೆಗಾಲ ಎಂದು ಬೇರೆ ಇಲ್ಲದ ದೇಶ ಅದು, ವರ್ಷವಿಡೀ ಮಳೆ. ನೆನೆದರೆ ಕಾಲಿಗೆ ಅಂಟಿ ಬಿಡುವುದಿಲ್ಲ, ಒಣಗಿದರೆ ಗಟ್ಟಿ ಹೆಂಟೆ. ಆದರೆ ಗೋಧಿಗೆ ಒಳ್ಳೆಯದು. ಇಂಥ ಮಣ್ಣನ್ನು ಒಂದು ಜೊತೆ ಎತ್ತು ಕಟ್ಟಿ ಉಳಲು ಆಗುತ್ತಿರಲಿಲ್ಲ. ನಾಲ್ಕು ಜೊತೆ ಎತ್ತಿನ ಭಾರಿ ನೇಗಿಲು ಬೇಕಿತ್ತು. ಎಂಟು ಎತ್ತು ಒಬ್ಬ ಸಣ್ಣ ರೈತನ ಕೊಟ್ಟಿಗೆಯಲ್ಲಿ ಎಲ್ಲಿಂದ ಬರಬೇಕು? ಇವನ ಎರಡು, ಅವನ ಎರಡು ಸೇರಿಸಿ ಕಟ್ಟಬೇಕಾಗಿತ್ತು. ಹೀಗೆ ಒಟ್ಟಿಗೆ ಉಳುವುದು ಇಲ್ಲಿ ಅನಿವಾರ್ಯವಾಯಿತು. ಮುಂದೆ ಬರುವ ಕಥೆಯ ಅರ್ಧಭಾಗಕ್ಕೆ ಈ ಮಣ್ಣೇ ಕಾರಣ.

ಊರಿನೊಳಗೆ ಅಷ್ಟೊಂದು ರೈತರ ಮನೆಗಳು ಯಾಕಿವೆ?

ಇಂಗ್ಲೆಂಡಿನ ಬಹುತೇಕ ಕಡೆ ರೈತನ ಮನೆ ಅವನ ಜಮೀನಿನ ನಡುವೆ ಒಂಟಿಯಾಗಿ ಇರುತ್ತದೆ. ಲ್ಯಾಕ್ಸ್‌ಟನ್‌ನಲ್ಲಿ ಹಾಗಲ್ಲ. ಮನೆ, ಕಣಜ, ಕೊಟ್ಟಿಗೆ ಎಲ್ಲ ಊರ ಬೀದಿಯಲ್ಲೇ. ಇಟ್ಟಿಗೆಯ ಕಟ್ಟಡಗಳು, ಹಲವು ಬೀದಿಗೆ ಮಗ್ಗುಲು ತಿರುಗಿಸಿ ನಿಂತಿವೆ. ಅವುಗಳ ಹಿಂದೆ ಉದ್ದಕ್ಕೆ ಚಾಚಿದ ಹಿತ್ತಿಲು. ಕಾರಣ ಸರಳ. ಒಬ್ಬ ರೈತನ ಜಮೀನು ಒಂದೇ ಕಡೆ ಇರಲಿಲ್ಲ, ಊರ ಸುತ್ತ ಹರಡಿತ್ತು. ಹಾಗಿರುವಾಗ ಊರ ನಡುವೆ ಇರುವುದೇ ಎಲ್ಲ ಕಡೆಗೂ ಹತ್ತಿರ.

ಊರು ಎಷ್ಟು ಹಳೆಯದು?

ಬರಹದಲ್ಲಿ ಸಿಗುವುದು 1086ರಿಂದ. ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ದೇಶದ ಆಸ್ತಿಯ ಲೆಕ್ಕ ಬರೆಸಿದ. ಅದೇ ಡೂಮ್ಸ್‌ಡೇ ದಾಖಲೆ. ಅದರಲ್ಲಿ ಈ ಊರಿದೆ. ಮೊದಲು ಟೋಕಿ ಎಂಬವನ ಕೈಲಿದ್ದ ಜಮೀನು ಆ ಹೊತ್ತಿಗೆ ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ ಒಡೆಯನ ಪಾಲಾಗಿತ್ತು. ಗೆದ್ದವರು ಹಳೆಯ ಒಡೆಯರನ್ನು ಎಬ್ಬಿಸಿ ತಾವು ಕೂತ ಕಥೆ ಆ ದಾಖಲೆಯ ಪುಟಪುಟದಲ್ಲೂ ಇದೆ. ಲ್ಯಾಕ್ಸ್‌ಟನ್ ಅದಕ್ಕೆ ಹೊರತಲ್ಲ.

ಕೋಟೆ ಇದೆ ಅಂತಾರೆ, ಆದರೆ ಫೋಟೊದಲ್ಲಿ ಬರೀ ಹುಲ್ಲುಗುಡ್ಡ ಕಾಣುತ್ತಲ್ಲ?

ಆ ಹುಲ್ಲುಗುಡ್ಡವೇ ಕೋಟೆ. ನಾರ್ಮನ್ನರು ಮಣ್ಣು ರಾಶಿ ಹಾಕಿ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ಕಾವಲು ಕಟ್ಟಡ ಕಟ್ಟಿ, ಕೆಳಗೆ ಕಂದಕ ಮತ್ತು ಅಂಗಳ ಮಾಡುತ್ತಿದ್ದರು. ನಾಟಿಂಗ್‌ಹ್ಯಾಮ್‌ಷೈರಿನಲ್ಲಿ ಆ ಬಗೆಯ ಕೋಟೆಗಳ ಪೈಕಿ ಇದು ಚೆನ್ನಾಗಿ ಉಳಿದದ್ದು. ಕಟ್ಟಡ ಹೋಗಿ ಮಣ್ಣಿನ ಆಕಾರ ಉಳಿದಿದೆ. ಗೋಡೆ, ಬುರುಜು ನೋಡುವ ಆಸೆಯಿಂದ ಹೋದರೆ ನಿರಾಸೆ ಖಂಡಿತ. ಊರ ಉತ್ತರಕ್ಕಿರುವ ದಿಬ್ಬದ ಮೇಲೆ ನಿಂತು ಸುತ್ತ ನೋಡುವುದೇ ಅಲ್ಲಿನ ಲಾಭ.

ಇಲ್ಲಿನ ಒಡೆಯರಿಗೆ ಶೆರ್ವುಡ್ ಕಾಡಿನ ಕಾವಲಿನ ಹುದ್ದೆ ವಂಶಪಾರಂಪರ್ಯವಾಗಿ ಇತ್ತು. ಕೋ, ನಂತರ ಎವರಿಂಗ್‌ಹ್ಯಾಮ್ ಮನೆತನದವರು ಅದನ್ನು ನಡೆಸಿದರು. ರಾಜನ ಜಿಂಕೆಗಳನ್ನು ಕಾಯುವುದು ಅವರ ಕೆಲಸ. 13ನೇ ಶತಮಾನದ ಕೊನೆಯಲ್ಲಿ ರಾಬರ್ಟ್ ಡಿ ಎವರಿಂಗ್‌ಹ್ಯಾಮ್ ಕಾಡಿನ ಕಾನೂನನ್ನೇ ಮುರಿದ ಆರೋಪಕ್ಕೆ ಸಿಕ್ಕಿ ಆ ಹುದ್ದೆ ಕಳೆದುಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಹಾಗಾದರೆ ರಾಬಿನ್ ಹುಡ್?

ಶೆರ್ವುಡ್ ಕಾಡಿನಲ್ಲಿ ಅಡಗಿ ಉಳ್ಳವರನ್ನು ದೋಚುತ್ತಿದ್ದ ಎಂದು ಕಥೆಗಳು ಹೇಳುವ ಅವನು ಊರಿನ ದಾಖಲೆಗಳಲ್ಲಿ ಇಲ್ಲ. ಕಾಡು ಕಾಯುವವರ ಊರು ಇದು, ಕಾಡಿನಲ್ಲಿ ಅಡಗಿದವರದ್ದಲ್ಲ.

‘ತೆರೆದ ಹೊಲ’ ಎಂದರೆ ಏನು?

ಊರ ಸುತ್ತ ಮೂರು ಭಾರಿ ಹೊಲ ಇದೆ ಎಂದುಕೊಳ್ಳಿ. ಲ್ಯಾಕ್ಸ್‌ಟನ್‌ನಲ್ಲಿ ಅವುಗಳ ಹೆಸರು ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಒಂದೊಂದೂ ನೂರು ಎಕರೆಗೂ ಹೆಚ್ಚು. ಒಳಗೆ ಬೇಲಿ ಇಲ್ಲ, ಗೋಡೆ ಇಲ್ಲ. ಪ್ರತಿ ಹೊಲವನ್ನೂ ಉದ್ದುದ್ದ ಪಟ್ಟಿಗಳಾಗಿ ಹಂಚಿರುತ್ತಾರೆ. ಈ ಪಟ್ಟಿ ಇವರದ್ದು, ಪಕ್ಕದ್ದು ಅವರದ್ದು, ಅದರಾಚೆಯದು ಇನ್ನೊಬ್ಬರದ್ದು. ಒಬ್ಬೊಬ್ಬ ರೈತನಿಗೂ ಮೂರೂ ಹೊಲಗಳಲ್ಲಿ ಪಟ್ಟಿ ಇರುತ್ತದೆ.

ಬೆಳೆಯ ಸರದಿ ಊರಿಗೆಲ್ಲ ಒಂದೇ. ಒಂದು ಹೊಲದಲ್ಲಿ ಶರತ್ಕಾಲದಲ್ಲಿ ಬಿತ್ತುವ ಗೋಧಿ. ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ, ಬೀನ್ಸ್, ಬಟಾಣಿ ಥರದ ಬೆಳೆ. ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಒಂದು ಹೆಜ್ಜೆ ಮುಂದಕ್ಕೆ. ಮೂರು ವರ್ಷಕ್ಕೊಮ್ಮೆ ನೆಲಕ್ಕೆ ಬಿಡುವು ಸಿಗುತ್ತದೆ. ಹಿಂದೆ ಬೀಳು ಬಿಟ್ಟ ಹೊಲದಲ್ಲೂ ಕೊಯ್ಲಾದ ಹೊಲದ ಕೂಳೆಯಲ್ಲೂ ಊರ ದನ ಕುರಿ ಒಟ್ಟಿಗೆ ಮೇಯುತ್ತಿದ್ದವು. ಮೇಯುತ್ತಾ ಗೊಬ್ಬರವನ್ನೂ ಹಾಕುತ್ತಿದ್ದವು.

ಇಲ್ಲೇ ಪೂರ್ತಿ ವ್ಯವಸ್ಥೆಯ ಬಿಗಿ ಇರುವುದು. ನನ್ನ ಪಟ್ಟಿ ನನ್ನದೇ ಇರಬಹುದು. ಆದರೆ ಪಕ್ಕದವನು ಕೊಯ್ದು ಮುಗಿಸಿ, ಊರ ದನ ಒಳಗೆ ಬಿಡುವ ದಿನ ಬಂದಾಗ ನನ್ನ ಬೆಳೆ ಇನ್ನೂ ನಿಂತಿದ್ದರೆ ಅದು ದನದ ಪಾಲು. ಹಾಗಾಗಿ ಯಾವಾಗ ಬಿತ್ತಬೇಕು, ಯಾವಾಗ ಕೊಯ್ಯಬೇಕು, ಎಷ್ಟು ದನ ಬಿಡಬಹುದು ಎನ್ನುವುದನ್ನು ಎಲ್ಲರೂ ಕೂತು ಗೊತ್ತುಮಾಡಲೇಬೇಕಿತ್ತು. ಇದು ಒಟ್ಟು ಬೇಸಾಯ ಅಲ್ಲ, ಅದನ್ನು ಸ್ಪಷ್ಟ ಮಾಡಬೇಕು. ಬೆಳೆ ಅವರವರದ್ದೇ, ಲಾಭ ನಷ್ಟವೂ ಅವರವರದ್ದೇ. ನಿಯಮ ಮಾತ್ರ ಎಲ್ಲರದ್ದು.

ಒಬ್ಬನ ಜಮೀನನ್ನು ಹೀಗೆ ಚೂರು ಚೂರು ಮಾಡಿ ಹರಡಿದ್ದು ಯಾಕೆ?

ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಕೆರೆ ಕೆಳಗಿನ ಗದ್ದೆಯಲ್ಲೂ ನನಗೊಂದು ತುಂಡು, ಮೇಲಿನ ಕಲ್ಲು ಹೊಲದಲ್ಲೂ ನನಗೊಂದು ತುಂಡು ಎಂದು ಹಟ ಹಿಡಿಯುವುದಿಲ್ಲವೇ, ಅದೇ ಲೆಕ್ಕ. ಒಳ್ಳೆಯ ನೆಲ ಒಬ್ಬನಿಗೇ ಹೋಗಬಾರದು. ಜವುಗು ನೆಲದ ನಷ್ಟ ಒಬ್ಬನ ತಲೆಗೇ ಬೀಳಬಾರದು. ಮೂರು ಹೊಲಗಳ ಸರದಿಯೂ ಇದನ್ನೇ ಕೇಳುತ್ತದೆ. ಎಲ್ಲ ಜಮೀನೂ ಒಂದೇ ಹೊಲದಲ್ಲಿದ್ದವನು ಬೀಳು ಬಿಟ್ಟ ವರ್ಷ ಏನು ತಿನ್ನಬೇಕು?

ಪಟ್ಟಿಗಳು ಉದ್ದವಾಗಿ, ಅಗಲ ಕಡಿಮೆ ಇರುವುದಕ್ಕೆ ನೇಗಿಲು ಕಾರಣ. ಎಂಟು ಎತ್ತಿನ ನೇಗಿಲನ್ನು ತಿರುಗಿಸುವುದು ದೊಡ್ಡ ಕಷ್ಟ. ಆದಷ್ಟು ಉದ್ದ ಹೋಗಿ ಒಮ್ಮೆ ತಿರುಗಿಸುವುದು ಲೇಸು. ತಿರುವಿಗೆ ಮುಂಚೆಯೇ ಎತ್ತುಗಳನ್ನು ಪಕ್ಕಕ್ಕೆ ಎಳೆಯುತ್ತಿದ್ದುದರಿಂದ ಹಳೆಯ ಪಟ್ಟಿಗಳಲ್ಲಿ ಎಷ್ಟೋ ನೇರವಾಗಿಲ್ಲ, ಮೆಲ್ಲಗೆ ಬಳುಕಿದ ಹಾಗೆ ಇರುತ್ತವೆ. ಒಮ್ಮೆ ಇದು ಗೊತ್ತಾದರೆ ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲೂ ಆ ಹಳೆಯ ಏರು ತಗ್ಗಿನ ಸಾಲುಗಳು ಕಣ್ಣಿಗೆ ಬೀಳತೊಡಗುತ್ತವೆ, ಮುಖ್ಯವಾಗಿ ಸಂಜೆಯ ಓರೆ ಬಿಸಿಲಿನಲ್ಲಿ.

1635ರ ನಕ್ಷೆ ಅಷ್ಟೊಂದು ಪ್ರಸಿದ್ಧ ಯಾಕೆ?

ಅಷ್ಟು ಹಳೆಯ ಕಾಲದಲ್ಲಿ ಒಂದು ಹಳ್ಳಿಯ ಒಂದೊಂದು ಪಟ್ಟಿಯನ್ನೂ ಬಿಡದೆ ಬರೆದ ನಕ್ಷೆ ಸಿಗುವುದೇ ಅಪರೂಪ. ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಬರೆದದ್ದು. ಚರ್ಮದ ಹಾಳೆಗಳ ಮೇಲಿದೆ. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ. ಎರಡು ಸಾವಿರಕ್ಕೂ ಜಾಸ್ತಿ ಪಟ್ಟಿ ಅದರಲ್ಲಿವೆ. ಯಾವ ಪಟ್ಟಿ ಯಾರ ಕೈಲಿದೆ, ಎಷ್ಟು ವಿಸ್ತಾರ ಎಂದು ಬರೆದ ಪುಸ್ತಕ ಬೇರೆ ಜೊತೆಗಿದೆ. ನಕ್ಷೆ, ಪುಸ್ತಕ ಎರಡನ್ನೂ ಎದುರಿಗೆ ಇಟ್ಟುಕೊಂಡರೆ ಸುಮಾರು 390 ವರ್ಷದ ಹಿಂದಿನ ಊರಿನಲ್ಲಿ ಮನೆಮನೆಗೂ ಹೋಗಿ ಬರಬಹುದು.

ನಕ್ಷೆಯ ಚಂದ ಇರುವುದು ಅದರೊಳಗಿನ ಪುಟ್ಟ ಚಿತ್ರಗಳಲ್ಲಿ. ಉಳುವವರು, ಕೊಯ್ಯುವವರು, ಮೇಯುವ ದನ, ಬೇಟೆಗೆ ಹೊರಟವರು. ಹಣ ಕೊಟ್ಟ ಒಡೆಯನಿಗೆ ಬೇಕಿದ್ದದ್ದು ಗೇಣಿಯ ಲೆಕ್ಕ. ಬರೆದವನು ಅದರ ಜೊತೆಗೆ ಊರನ್ನೂ ಬರೆದುಬಿಟ್ಟ.

ಆ ಒಡೆಯನಿಗೂ ಕರ್ನಾಟಕಕ್ಕೂ ಸಂಬಂಧ ಇದೆ ಎನ್ನುವುದು ನಿಜವಾ?

ನಿಜ. ಈ ಪುಟ ಬರೆಯಲು ಅರ್ಧ ಕಾರಣವೇ ಅದು.

ನಕ್ಷೆ ಬರೆಸಿದವನು ಸರ್ ವಿಲಿಯಂ ಕೋರ್ಟೀನ್. ಲಂಡನ್ನಿನ ದೊಡ್ಡ ವ್ಯಾಪಾರಿ. ಅವನ ಅಪ್ಪ ಅಮ್ಮ ಫ್ಲಾಂಡರ್ಸ್‌ನಿಂದ (ಈಗಿನ ಬೆಲ್ಜಿಯಂ ಕಡೆ) ಧರ್ಮದ ಕಾರಣಕ್ಕೆ ಓಡಿಬಂದವರು. ಬಟ್ಟೆ ವ್ಯಾಪಾರದಲ್ಲಿ ಹಣ ಮಾಡಿ, ಹಡಗು ಕಟ್ಟಿಸಿ, ರಾಜರಿಗೇ ಸಾಲ ಕೊಡುವಷ್ಟು ಬೆಳೆದ. 1627ರಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪಕ್ಕೆ ಮೊದಲ ಇಂಗ್ಲಿಷ್ ವಲಸಿಗರನ್ನು ಇಳಿಸಿದ್ದು ಅವನ ಹಡಗು. ಅಂಥವನು ನಾಟಿಂಗ್‌ಹ್ಯಾಮ್‌ಷೈರಿನ ಒಂದು ಹಳ್ಳಿಯನ್ನೂ ಕೊಂಡಿದ್ದ.

1635ರ ಡಿಸೆಂಬರಿನಲ್ಲಿ, ಅಂದರೆ ಲ್ಯಾಕ್ಸ್‌ಟನ್ ನಕ್ಷೆಯ ವರ್ಷದಲ್ಲೇ, ರಾಜ ಒಂದನೇ ಚಾರ್ಲ್ಸ್ ಪೂರ್ವ ದೇಶಗಳ ಜೊತೆ ವ್ಯಾಪಾರ ಮಾಡಲು ಕೋರ್ಟೀನ್ ಗುಂಪಿಗೆ ಅನುಮತಿ ಕೊಟ್ಟ. ಈಸ್ಟ್ ಇಂಡಿಯಾ ಕಂಪನಿಗೆ ಇದು ಎದುರಾಳಿ. ಕಂಪನಿ ಕೂಗಾಡಿತು, ರಾಜ ಕಿವಿಗೆ ಹಾಕಿಕೊಳ್ಳಲಿಲ್ಲ. 1636ರ ಏಪ್ರಿಲಿನಲ್ಲಿ ಜಾನ್ ವೆಡೆಲ್ ಎಂಬ ಕ್ಯಾಪ್ಟನ್ ಕೈಕೆಳಗೆ ಹಡಗುಗಳು ಹೊರಟವು. ಮೊದಲು ಗೋವಾ, ಅಲ್ಲಿಂದ ಭಟ್ಕಳ.

ಅವರಿಗೆ ಬೇಕಿದ್ದದ್ದು ಕಾಳುಮೆಣಸು. ಆಗ ಭಟ್ಕಳ ಕೆಳದಿ ನಾಯಕರ ಆಳ್ವಿಕೆಯಲ್ಲಿತ್ತು. ವೀರಭದ್ರ ನಾಯಕನ ಒಪ್ಪಿಗೆ ಬೇಕಾದ್ದರಿಂದ ಇಂಗ್ಲಿಷರ ಒಂದು ತಂಡ ಘಟ್ಟ ಹತ್ತಿ ಇಕ್ಕೇರಿಗೆ ಹೋಯಿತು. ಆ ತಂಡದಲ್ಲಿದ್ದ ಪೀಟರ್ ಮಂಡಿ ಎಂಬ ಪ್ರವಾಸಿ ತಾನು ಕಂಡದ್ದನ್ನು ಬರೆದಿಟ್ಟ. ಸಾಗರದ ಪಕ್ಕದ ಇಕ್ಕೇರಿಯ ಬಗ್ಗೆ ಇತಿಹಾಸ ಓದುವವರು ಇವತ್ತಿಗೂ ಅವನ ಟಿಪ್ಪಣಿಗಳನ್ನು ತೆಗೆದು ನೋಡುತ್ತಾರೆ. ಭಟ್ಕಳದಲ್ಲಿ ಅವರು ತೆರೆದ ಕೋಠಿ, ಅಂದರೆ ವ್ಯಾಪಾರದ ಠಾಣೆ, ಹೆಚ್ಚು ದಿನ ಬಾಳಲಿಲ್ಲ. 1638ರಲ್ಲಿ ಕಾರವಾರದಲ್ಲಿ ತೆರೆದ ಕೋಠಿ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು.

ಕೋರ್ಟೀನ್ ಇದ್ಯಾವುದನ್ನೂ ನೋಡಲಿಲ್ಲ. ಹಡಗು ಹೊರಟ ವರ್ಷವೇ ತೀರಿಕೊಂಡ. ಮಗನ ಕಾಲಕ್ಕೆ ಸಾಲ ಏರಿತು, ವ್ಯಾಪಾರ ಮುಳುಗಿತು, ಮಗ ದೇಶ ಬಿಟ್ಟ. ಲ್ಯಾಕ್ಸ್‌ಟನ್ 1640ರ ಹೊತ್ತಿಗೆ ಪಿಯರ್‌ಪಾಂಟ್ ಮನೆತನಕ್ಕೆ ಮಾರಾಟವಾಯಿತು. ಲ್ಯಾಕ್ಸ್‌ಟನ್‌ನ ಗೇಣಿಯೇ ಭಟ್ಕಳದ ಹಡಗಿಗೆ ಹೋಯಿತು ಎಂದು ಹೇಳುವುದು ತಪ್ಪಾಗುತ್ತದೆ, ಅವನ ಸಂಪತ್ತು ಅದಕ್ಕಿಂತ ಎಷ್ಟೋ ದೊಡ್ಡದು. ಆದರೆ ಒಬ್ಬನದೇ ತಿಜೋರಿ ಅಲ್ವಾ?

ಉಳಿದ ಊರುಗಳಿಗೆಲ್ಲ ಬೇಲಿ ಬಂತು, ಇಲ್ಲಿಗೆ ಯಾಕೆ ಬರಲಿಲ್ಲ?

ಮೊದಲು ಬೇಲಿ ಎಷ್ಟು ವ್ಯಾಪಕವಾಗಿ ಬಂತು ಎಂದು ನೋಡಿ. 1604ರಿಂದ 1914ರ ನಡುವೆ ಬ್ರಿಟಿಷ್ ಪಾರ್ಲಿಮೆಂಟ್ 5,200ಕ್ಕೂ ಹೆಚ್ಚು ಮಸೂದೆಗಳ ಮೂಲಕ ತೆರೆದ ಹೊಲ ಮತ್ತು ಊರೊಟ್ಟಿನ ನೆಲಕ್ಕೆ ಬೇಲಿ ಹಾಕಿಸಿತು. 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೇ ಒಂದು ಭಾಗ. ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಬೇಲಿ ಹಾಕಿದ್ದು ಇದರ ಹೊರಗೆ. ದೊಡ್ಡ ಹಿಡುವಳಿಯವರಿಗೆ ಇದರಿಂದ ಲಾಭವಾಯಿತು. ಪಟ್ಟಿಗಳನ್ನೆಲ್ಲ ಒಂದೆಡೆ ಸೇರಿಸಿ ಬೇಕಾದ ಬೆಳೆ ಬೆಳೆದರು. ಒಂದು ಹಸು ಕಟ್ಟಿಕೊಂಡು, ಊರ ಗೋಮಾಳ ನಂಬಿ ಬದುಕುತ್ತಿದ್ದ ಬಡವನಿಗೆ ಮಾತ್ರ ಮೇವಿನ ಜಾಗವೇ ಹೋಯಿತು.

ಲ್ಯಾಕ್ಸ್‌ಟನ್ ಉಳಿದದ್ದು ಯಾರದೋ ದೊಡ್ಡ ಮನಸ್ಸಿನಿಂದ ಎಂದು ಪ್ರವಾಸಿ ಬರಹಗಳಲ್ಲಿ ಕಾಣುತ್ತದೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. 18ನೇ ಶತಮಾನದಲ್ಲಿ ಇಲ್ಲೂ ಒಂದಷ್ಟು ನೆಲಕ್ಕೆ ಬೇಲಿ ಬಂತು. ಪೂರ್ತಿ ಬರದೇ ಇದ್ದದ್ದಕ್ಕೆ ಮುಖ್ಯ ಕಾರಣ ಜಮೀನ್ದಾರರು ಒಬ್ಬರಲ್ಲ, ಇಬ್ಬರು. ಪಿಯರ್‌ಪಾಂಟ್ ಮನೆಯವರದ್ದು ದೊಡ್ಡ ಪಾಲು. ಅವರೇ ಮುಂದೆ ಅರ್ಲ್ ಮ್ಯಾನ್ವರ್ಸ್ ಎಂಬ ಬಿರುದು ಪಡೆದರು. ಆದರೆ ಅರ್ಲ್ ಆಫ್ ಸ್ಕಾರ್ಬರೋಗೂ ಅಲ್ಲಿ ಸಾಕಷ್ಟು ಜಮೀನಿತ್ತು. ಸಣ್ಣ ಸ್ವಂತ ಹಿಡುವಳಿದಾರರೂ ಇದ್ದರು. ಯಾರಿಗೆ ಯಾವ ತುಂಡು ಎನ್ನುವುದು ಬಗೆಹರಿಯಲಿಲ್ಲ. ಅದು ಬಗೆಹರಿಯುವ ಹೊತ್ತಿಗೆ 19ನೇ ಶತಮಾನದ ಮಧ್ಯಭಾಗ ದಾಟಿತ್ತು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂದು ಇಂಗ್ಲೆಂಡಿನ ಬೇಸಾಯ ಮಕಾಡೆ ಮಲಗಿತು. ಬೇಲಿ, ಹೊಸ ರಸ್ತೆ, ಹೊಲದ ನಡುವೆ ಹೊಸ ಮನೆ ಎಂದರೆ ಖರ್ಚು. ಆ ಖರ್ಚು ಮಾಡುವ ಉತ್ಸಾಹ ಯಾರಿಗೂ ಉಳಿಯಲಿಲ್ಲ.

ಅಂದರೆ ಮೊದಲು ತಕರಾರು, ಆಮೇಲೆ ಬಡತನ. ಪ್ರೀತಿ ಬಂದದ್ದು ಕೊನೆಗೆ, 20ನೇ ಶತಮಾನದಲ್ಲಿ.

ಆಮೇಲೆ ಯಾರು ಉಳಿಸಿದರು? ಈಗ ಯಾರದು?

20ನೇ ಶತಮಾನದ ಆರಂಭದಲ್ಲಿ ಆಗಿನ ಅರ್ಲ್ ಮ್ಯಾನ್ವರ್ಸ್ ಸಣ್ಣ ಪಟ್ಟಿಗಳನ್ನು ಸೇರಿಸಿ ಅಗಲ ಮಾಡಿಸಿದ. ಹೀಗಾಗಿ ಇವತ್ತು ಕಾಣುವ ಪಟ್ಟಿಗಳು 1635ರವಲ್ಲ, ಅವುಗಳಿಗಿಂತ ಎಷ್ಟೋ ಅಗಲ. ಎರಡು ಸಾವಿರ ಇದ್ದದ್ದು ಈಗ ಇನ್ನೂರರ ಒಳಗೆ. 1930ರ ದಶಕದಲ್ಲಿ ಆಕ್ಸ್‌ಫರ್ಡಿನ ಆರ್ವಿನ್ ದಂಪತಿ ಊರನ್ನು ಅಧ್ಯಯನ ಮಾಡಿ 1938ರಲ್ಲಿ ಪುಸ್ತಕ ತಂದರು. ಆಗ ಹೊರಗಿನವರಿಗೆ ಇದರ ಬೆಲೆ ಗೊತ್ತಾಯಿತು.

1952ರಲ್ಲಿ ಕೊನೆಯ ಅರ್ಲ್ ಮ್ಯಾನ್ವರ್ಸ್ ಊರನ್ನು ಸರ್ಕಾರದ ಕೃಷಿ ಸಚಿವಾಲಯಕ್ಕೆ ಮಾರಿದ. ಪದ್ಧತಿ ಮುಂದುವರಿಯಬೇಕು ಎನ್ನುವುದು ಉದ್ದೇಶ. 1981ರಲ್ಲಿ ಸಚಿವಾಲಯದಿಂದ ಅದು ಕ್ರೌನ್ ಎಸ್ಟೇಟ್‌ಗೆ (ರಾಜಪೀಠದ ಆಸ್ತಿ ನೋಡಿಕೊಳ್ಳುವ ಸಂಸ್ಥೆ) ಹೋಯಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಕೊಂಡುಕೊಂಡಿತು. ಥೋರ್ಸ್‌ಬಿ ಅಂದರೆ ಹಳೆಯ ಪಿಯರ್‌ಪಾಂಟ್ ಮನೆತನದ್ದೇ ಆಸ್ತಿ. ಸುಮಾರು 70 ವರ್ಷ ಸುತ್ತಾಡಿ ಊರು ಹಳೆಯ ಧಣಿಗಳ ಕಡೆಗೇ ವಾಪಸ್ ಬಂತು. ರೈತರು ಹಿಂದೆಯೂ ಗೇಣಿದಾರರು, ಈಗಲೂ ಗೇಣಿದಾರರು.

ಕೋರ್ಟ್ ಲೀಟ್ ಎಂದರೇನು? ಅದು ನಿಜವಾದ ಕೋರ್ಟಾ?

ಮಧ್ಯಯುಗದಲ್ಲಿ ಪ್ರತಿ ಜಹಗೀರಿಗೂ ಒಂದು ನ್ಯಾಯಸಭೆ ಇರುತ್ತಿತ್ತು. ಉಳಿದ ಕಡೆ ಅವು ಹೋದವು, ಇಲ್ಲವೆ ವರ್ಷಕ್ಕೊಮ್ಮೆ ವೇಷ ಹಾಕಿ ಊಟ ಮಾಡುವ ಕೂಟವಾದವು. ಲ್ಯಾಕ್ಸ್‌ಟನ್‌ನಲ್ಲಿ ಅದಕ್ಕೆ ಇನ್ನೂ ಕೆಲಸ ಇದೆ.

ನವೆಂಬರ್ ಕೊನೆಯಲ್ಲಿ ಜ್ಯೂರಿಯ ದಿನ ಬರುತ್ತದೆ. ಜ್ಯೂರಿ ಎಂದರೆ ಊರಿನ ರೈತರೇ. ಆ ವರ್ಷ ಗೋಧಿ ಬಿತ್ತಿದ ಹೊಲಕ್ಕೆ ಹೋಗುತ್ತಾರೆ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕೂತು ಹೊರಡುವುದು ವಾಡಿಕೆ. ಒಂದೊಂದು ಪಟ್ಟಿಯನ್ನೂ ನೋಡುತ್ತಾರೆ. ಗಡಿ ಮಸುಕಾದಲ್ಲಿ ಗೂಟ ಹೊಡೆಯುತ್ತಾರೆ. ಯಾರಾದರೂ ಪಕ್ಕದವನ ಪಟ್ಟಿಗೆ ಒಂದು ಸಾಲು ಜಾಸ್ತಿ ಉತ್ತಿದ್ದಾರಾ, ದಾರಿಯನ್ನು ಕೊರೆದಿದ್ದಾರಾ, ಹುಲ್ಲಿನ ನೆಲಕ್ಕೆ ನೇಗಿಲು ಹಾಯಿಸಿದ್ದಾರಾ ಎಂದು ಗುರುತು ಮಾಡಿಕೊಳ್ಳುತ್ತಾರೆ. ಒತ್ತುವರಿ ಯಾವ ದೇಶದಲ್ಲಾದರೂ ಹೀಗೇ ಶುರುವಾಗುವುದು, ವರ್ಷಕ್ಕೆ ಒಂದು ಸಾಲು. ಹೊಲದ ಕೆಲಸ ಮುಗಿದ ಮೇಲೆ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಊಟ, ತಪ್ಪುಗಳ ಪಟ್ಟಿ, ಚರ್ಚೆ.

ಮುಂದಿನ ವಾರ ಅದೇ ಪಬ್ಬಿನಲ್ಲಿ ಕೋರ್ಟು. ಜಮೀನ್ದಾರರ ಪರವಾಗಿ ಒಬ್ಬ ಸ್ಟುವರ್ಡ್ ಕೂರುತ್ತಾರೆ. ಜ್ಯೂರಿ ತನ್ನ ವರದಿ ಒಪ್ಪಿಸುತ್ತದೆ. ತಪ್ಪು ಮಾಡಿದವರಿಗೆ ದಂಡ. ಮೊತ್ತ ಕೆಲವೇ ಪೌಂಡು, ಯಾರ ಜೇಬಿಗೂ ಅದು ಭಾರವಲ್ಲ. ನೆರೆಯವರೆಲ್ಲ ಕೂತಿರುವಾಗ ‘ನೀನು ಒಂದು ಸಾಲು ಒತ್ತಿದ್ದೀಯ’ ಎಂದು ಹೆಸರು ಓದುತ್ತಾರಲ್ಲ, ಅದೇ ನಿಜವಾದ ದಂಡ. ಆಮೇಲೆ ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣ ಮಾಡಿಸುತ್ತಾರೆ. ಅವರು ಮುಂದಿನ ಸರದಿಯ ಗೋಧಿ ಹೊಲ ನೋಡಬೇಕು.

ಹಿಂದೆ ಈ ಕೋರ್ಟು ಪಿಂಡರ್ ಎಂಬ ಒಬ್ಬನನ್ನೂ ನೇಮಿಸುತ್ತಿತ್ತು. ಬೇರೆಯವರ ಬೆಳೆಗೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಹಾಕುವುದು ಅವನ ಕೆಲಸ. ಯಜಮಾನ ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಆ ದೊಡ್ಡಿ ಊರಿನಲ್ಲಿ ಇನ್ನೂ ಇದೆ.

ಕಾನೂನಿನ ಬಲ ಇದೆಯಾ?

ಇದೆ. 1977ರಲ್ಲಿ ಬ್ರಿಟನ್ ಒಂದು ಕಾನೂನು ಮಾಡಿ ಇಂಥ ಹಳೆಯ ಸಭೆಗಳ ನ್ಯಾಯಾಧಿಕಾರವನ್ನು ತೆಗೆದುಹಾಕಿತು. ಅದರಲ್ಲಿ ಬೆರಳೆಣಿಕೆಯ ವಿನಾಯಿತಿ ಇಟ್ಟಿತು. ಲ್ಯಾಕ್ಸ್‌ಟನ್ ಕೋರ್ಟು ಆ ವಿನಾಯಿತಿ ಪಟ್ಟಿಯಲ್ಲಿದೆ.

‘ಸೈಕ್’ ಎನ್ನುವ ಹುಲ್ಲುನೆಲ ಏನು?

ಹೊಲದ ನಡುವೆ ಎಲ್ಲೆಲ್ಲಿ ನೀರು ನಿಂತು ಜವುಗಾಗುತ್ತದೋ, ಎಲ್ಲಿ ಇಳಿಜಾರು ಜಾಸ್ತಿಯೋ, ಅಲ್ಲಿ ಉಳದೆ ಹುಲ್ಲು ಬಿಟ್ಟಿದ್ದಾರೆ. ಅವೇ ಸೈಕ್‌ಗಳು. ಶತಮಾನಗಳಿಂದ ನೇಗಿಲು ಮುಟ್ಟಿಲ್ಲ. ಹಾಗಾಗಿ ಬೇರೆ ಕಡೆ ರಸಗೊಬ್ಬರಕ್ಕೆ ಮಾಯವಾದ ಕಾಡು ಹೂಗಳು ಇಲ್ಲಿ ಉಳಿದಿವೆ. ಸರ್ಕಾರ ಇವನ್ನು ವೈಜ್ಞಾನಿಕ ಮಹತ್ವದ ತಾಣವೆಂದು ಗುರುತಿಸಿ ರಕ್ಷಣೆ ಕೊಟ್ಟಿದೆ. ಬೇಸಿಗೆಯಲ್ಲಿ ಒಂದು ದಿನ ಸೈಕ್‌ಗಳ ಹುಲ್ಲನ್ನು ಊರಿನವರ ನಡುವೆ ಹರಾಜು ಹಾಕುತ್ತಾರೆ. ನನ್ನ ಕೇಳಿದರೆ ಲ್ಯಾಕ್ಸ್‌ಟನ್‌ನಲ್ಲಿ ಕೋಟೆಗಿಂತಲೂ ಚರ್ಚಿಗಿಂತಲೂ ಹಳೆಯದರ ರುಚಿ ಸಿಗುವುದು ಈ ಹುಲ್ಲಿನಲ್ಲೇ.

ಚರ್ಚಿನಲ್ಲಿ ನೋಡುವಂಥದ್ದು?

ಸೇಂಟ್ ಮೈಕೆಲ್ ಹೆಸರಿನ ಚರ್ಚು. ಮಧ್ಯಯುಗದ್ದು. 1860ರ ಸುಮಾರಿಗೆ ಅರ್ಲ್ ಮ್ಯಾನ್ವರ್ಸ್ ಅದನ್ನು ದುರಸ್ತಿ ಮಾಡಿಸುವಾಗ ಉದ್ದವನ್ನೇ ಕಡಿಮೆ ಮಾಡಿ ಗೋಪುರವನ್ನು ಮುಂದಕ್ಕೆ ತಂದು ಕಟ್ಟಿಸಿದ. ಒಳಗೆ ಎವರಿಂಗ್‌ಹ್ಯಾಮ್ ಮನೆತನದವರ ಮಲಗಿದ ಭಂಗಿಯ ಶಿಲ್ಪಗಳಿವೆ. ಅದರಲ್ಲಿ ಒಬ್ಬ ಹೆಣ್ಣುಮಗಳದ್ದು ಓಕ್ ಮರದಲ್ಲಿ ಕೆತ್ತಿದ್ದು, 14ನೇ ಶತಮಾನದ್ದು. ಮಧ್ಯಯುಗದ ಮರದ ಶಿಲ್ಪ ಇಡೀ ಕೌಂಟಿಯಲ್ಲಿ ಇದೊಂದೇ. ಅದನ್ನು ತಪ್ಪಿಸಬೇಡಿ.

ಇವತ್ತು ಈ ಬೇಸಾಯದಿಂದ ಹೊಟ್ಟೆ ತುಂಬುತ್ತಾ?

ಇದೊಂದರಿಂದಲೇ ಇಲ್ಲ. ಈಗ ತೆರೆದ ಹೊಲ ಉಳಿದಿರುವುದು ಸುಮಾರು 480 ಎಕರೆ. ಪ್ಯಾರಿಷ್‌ನ ಉಳಿದ ನೆಲಕ್ಕೆ ಬೇಲಿ ಇದೆ. ಒಬ್ಬೊಬ್ಬ ರೈತನಿಗೂ ಒಂದಷ್ಟು ಪಟ್ಟಿ, ಜೊತೆಗೆ ಬೇಲಿಯೊಳಗಿನ ಒಂದಷ್ಟು ಜಮೀನು. ಉಳುವುದು ಟ್ರ್ಯಾಕ್ಟರ್, ಕೊಯ್ಯುವುದು ಯಂತ್ರ. ಎತ್ತು, ಕುಡುಗೋಲು ಹುಡುಕಬೇಡಿ. ಬೀಳು ಬಿಡುವ ವರ್ಷ ಈಗ ಮೇವಿನ ಹುಲ್ಲು ಬೆಳೆಯುವುದುಂಟು. ಊರ ದನಕುರಿಯನ್ನೆಲ್ಲ ಒಟ್ಟಿಗೆ ಹೊಲಕ್ಕೆ ಬಿಡುವ ಪದ್ಧತಿಯೂ ನಿಂತಿದೆ.

ದೊಡ್ಡ ಯಂತ್ರಕ್ಕೆ ಕಿರಿದಾದ ಪಟ್ಟಿ ಯಾವತ್ತೂ ಅನುಕೂಲವಲ್ಲ. ರೈತ ಮನೆಗಳ ಸಂಖ್ಯೆ ಹಿಂದಿಗಿಂತ ತುಂಬಾ ಇಳಿದಿದೆ. ಜ್ಯೂರಿಯಲ್ಲಿ ಕೂರಲು ರೈತರೇ ಇಲ್ಲದಿದ್ದರೆ ಕೋರ್ಟು ಹೇಗೆ ನಡೆಯುತ್ತದೆ? ಊರಿನ ಮುಂದಿರುವ ದೊಡ್ಡ ಪ್ರಶ್ನೆ ಇದು.

ಇಂಥ ಊರು ಇದೊಂದೇನಾ?

ತೆರೆದ ಹೊಲದ ಗುರುತು ಬೇರೆ ಕಡೆಯೂ ಇದೆ. ಡೆವನ್‌ನ ಬ್ರಾಂಟನ್, ಲಿಂಕನ್‌ಷೈರಿನ ಐಲ್ ಆಫ್ ಆಕ್ಸ್‌ಹೋಮ್, ಡಾರ್ಸೆಟ್‌ನ ಪೋರ್ಟ್‌ಲ್ಯಾಂಡ್. ಅಲ್ಲಿ ಪಟ್ಟಿಗಳು ಸಿಗುತ್ತವೆ. ಪಟ್ಟಿ, ಮೂರು ಹೊಲದ ಸರದಿ, ಅದನ್ನು ಕಾಯುವ ಕೋರ್ಟು ಮೂರೂ ಒಟ್ಟಿಗೆ ನಡೆಯುತ್ತಿರುವುದು ಲ್ಯಾಕ್ಸ್‌ಟನ್‌ನಲ್ಲಿ.

ಅಮೆರಿಕದ ಲೆಕ್ಸಿಂಗ್ಟನ್‌ಗೆ ಇಲ್ಲಿಂದ ಹೆಸರು ಹೋಯಿತಾ?

ಹಳೆಯ ದಾಖಲೆಗಳಲ್ಲಿ ಈ ಊರಿಗೆ ಲೆಕ್ಸಿಂಗ್ಟನ್ ಎಂಬ ಹೆಸರೂ ಇದೆ. 13ನೇ ಶತಮಾನದಲ್ಲಿ ಲಿಂಕನ್‌ನ ಬಿಷಪ್ ಆಗಿದ್ದ ಹೆನ್ರಿ ಆಫ್ ಲೆಕ್ಸಿಂಗ್ಟನ್ ಇಲ್ಲಿನ ಮನೆತನದವನು. ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್ ವಿಚಾರದಲ್ಲಿ ಎರಡು ಮಾತಿದೆ. ಈ ಊರಿನಿಂದ ಬಂತು ಎಂದು ಕೆಲವರು, ಲಾರ್ಡ್ ಲೆಕ್ಸಿಂಗ್ಟನ್ ಎಂಬ ಬಿರುದಿನಿಂದ ಬಂತು ಎಂದು ಕೆಲವರು.

ಅಕ್ಕಪಕ್ಕದಲ್ಲಿ ಇನ್ನೇನಿದೆ?

ಹತ್ತಿರದ ಈಕ್ರಿಂಗ್ ಎಂಬ ಹಳ್ಳಿಗೆ ಎರಡು ಕಥೆ ಇದೆ. 1665–66ರಲ್ಲಿ ಡರ್ಬಿಷೈರಿನ ಈಮ್ ಎಂಬ ಊರಿಗೆ ಪ್ಲೇಗ್ ಬಂದಾಗ, ರೋಗ ಹೊರಗೆ ಹರಡದಂತೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಅದರ ಮುಂದಾಳತ್ವ ವಹಿಸಿದ್ದ ಪಾದ್ರಿ ವಿಲಿಯಂ ಮಾಂಪೆಸನ್ ಆಮೇಲೆ ಬಂದು ನೆಲೆಸಿದ್ದು ಈಕ್ರಿಂಗ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಅದೇ ಊರ ಪಕ್ಕದ ಡ್ಯೂಕ್ಸ್ ವುಡ್ ಕಾಡಿನಲ್ಲಿ ಎಣ್ಣೆ ಬಾವಿ ಕೊರೆಯಲು 1943ರಲ್ಲಿ ಅಮೆರಿಕದಿಂದ ಕೆಲಸಗಾರರನ್ನು ಗುಟ್ಟಾಗಿ ಕರೆಸಿದ್ದರು.

ಲ್ಯಾಕ್ಸ್‌ಟನ್ ಪಕ್ಕದಲ್ಲೇ ಬ್ರಿಟನ್ನಿನ ರಾಷ್ಟ್ರೀಯ ಹಾಲೋಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಕೇಂದ್ರ ಮತ್ತು ಮ್ಯೂಸಿಯಂ ಇದೆ. 1995ರಲ್ಲಿ ಶುರುವಾದದ್ದು. ಒಂದೇ ದಿನದಲ್ಲಿ ಹೊಲವನ್ನೂ ಅದನ್ನೂ ನೋಡಲು ಹೊರಡಬೇಡಿ. ಅದಕ್ಕೆ ಬೇರೆಯೇ ಮನಸ್ಸು ಬೇಕು.

ಹೋಗುವುದು ಹೇಗೆ, ಯಾವಾಗ?

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ನ್ಯೂವಾರ್ಕ್ ನಾರ್ತ್‌ಗೇಟ್‌ಗೆ ನೇರ ರೈಲು ಇದೆ, ಒಂದೂವರೆ ಗಂಟೆಯ ಆಸುಪಾಸು. ಅಲ್ಲಿಂದ ಟ್ಯಾಕ್ಸಿ ಅಥವಾ ಸ್ವಂತ ಕಾರು. ಹಳ್ಳಿ ಬಸ್ಸನ್ನು ನಂಬಿ ಕೂರುವುದು ಬೇಡ. ಡವ್‌ಕೋಟ್ ಇನ್ ಪಕ್ಕದಲ್ಲಿ ಸಣ್ಣ ಮಾಹಿತಿ ಕೇಂದ್ರ ಇದೆ, ಮೊದಲು ಅಲ್ಲಿ ನಕ್ಷೆ ನೋಡಿ ಆಮೇಲೆ ನಡೆಯಿರಿ.

ಹೂವಿಗೆ ಜೂನ್ ಕೊನೆ, ಹುಲ್ಲು ಕೊಯ್ಯುವ ಮುಂಚೆ. ಪಟ್ಟಿಗಳು ಬಿಡಿಬಿಡಿಯಾಗಿ ಬಣ್ಣದಲ್ಲಿ ಬೇರೆಯಾಗಿ ಕಾಣುವುದು ವಸಂತದಲ್ಲಿ ಮತ್ತು ಕೊಯ್ಲಿನ ಹೊತ್ತಿನಲ್ಲಿ. ಚಳಿಗಾಲದಲ್ಲಿ ಹೋದರೆ ಮೊಣಕಾಲುದ್ದದ ರಬ್ಬರ್ ಬೂಟು ಇರಲಿ, ಆ ಜೇಡಿಮಣ್ಣು ಮಾಮೂಲಿ ಶೂವನ್ನು ಉಳಿಸುವುದಿಲ್ಲ. ಕಾಲುದಾರಿ ಬಿಟ್ಟು ಬೆಳೆಯೊಳಗೆ ಇಳಿಯಬೇಡಿ. ಬೇಲಿ ಇಲ್ಲ ಎಂದರೆ ಯಾರ ಹೊಲವೂ ಅಲ್ಲ ಎಂದಲ್ಲ. ನಾಯಿ ಇದ್ದರೆ ಹಗ್ಗ ಹಾಕಿ ಹಿಡಿದುಕೊಳ್ಳಿ.